ಒಂದು ಹನಿ ಬಿತ್ತು, ಅವಲಕ್ಕಿ ನೀಲಿಯಾಯಿತು

ಬೆರಳಿಗೆ ಈಳಿಗೆಮಣೆ ತಾಗಿ ರಕ್ತ ಬಂದಿತ್ತು. ಔಷಧಿ ಡಬ್ಬಿಯಿಂದ ಪೊವಿಡೋನ್ ಅಯೋಡಿನ್ ಸೀಸೆ ತೆಗೆದು ಹತ್ತಿಗೆ ಸುರಿಯುವ ಅವಸರದಲ್ಲಿ ಒಂದು ಹನಿ ಜಾರಿತು. ಬಿದ್ದದ್ದು ಪಕ್ಕದಲ್ಲಿದ್ದ ನೆನೆಸಿದ ಅವಲಕ್ಕಿಯ ತಟ್ಟೆಗೆ. ಹನಿಯ ಬಣ್ಣ ಕಂದು, ಅವಲಕ್ಕಿಯದು ಬಿಳಿ. ಎರಡೂ ಸೇರಿದರೆ ಏನಾಗಬೇಕು? ಹಾಲು ಹೆಚ್ಚಾದ ಚಹಾದ ಬಣ್ಣ ಬರಬೇಕು ತಾನೆ? ಬರಲಿಲ್ಲ! ಕಣ್ಣೆದುರಿಗೇ ಅವಲಕ್ಕಿ ನೀಲಿಗಟ್ಟಿತು. ತಿಳಿನೀಲಿಯಲ್ಲ, ಆಷಾಢದ ಮೋಡದಂಥ ಕಪ್ಪುನೀಲಿ. ಆ ಬಣ್ಣ ಸೀಸೆಯೊಳಗೂ ಇರಲಿಲ್ಲ, ತಟ್ಟೆಯಲ್ಲೂ ಇರಲಿಲ್ಲ. ಹಾಗಾದರೆ ಬಂದದ್ದು ಎಲ್ಲಿಂದ?

ಬೆರಳಿನ ಗಾಯ ಮರೆತೇ ಹೋಯಿತು. ಹೈಸ್ಕೂಲಿನ ಲ್ಯಾಬಿನಲ್ಲಿ ಇದನ್ನು ನೋಡಿದ್ದೆ, ನಿಜ. 'ಪಿಷ್ಟ + ಅಯೋಡಿನ್ = ನೀಲಿ' ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿಯನ್ನೂ ಹಾಕಿಸಿಕೊಂಡಿದ್ದೆ. ಆದರೆ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಹೇಳದೆ ಕೇಳದೆ ಅದು ನಡೆದಾಗ ಮೈ ಜುಮ್ಮೆಂದಿತು. ಮುಂದಿನ ಅರ್ಧ ಗಂಟೆ ಅಡುಗೆಮನೆಯ ಒಂದು ಡಬ್ಬಿಯನ್ನೂ ಬಿಡಲಿಲ್ಲ. ಆಲೂಗಡ್ಡೆಯ ಹೋಳು ನೀಲಿ. ನಿನ್ನೆಯ ಅನ್ನ ನೀಲಿ. ಸಬ್ಬಕ್ಕಿ ನೀಲಿ, ಗೋಧಿಹಿಟ್ಟು ನೀಲಿ, ಹಪ್ಪಳದ ಚೂರು ನೀಲಿ. ಸಕ್ಕರೆ? ಕಂದು ಹನಿ ಕಂದಾಗಿಯೇ ಉಳಿಯಿತು. ಉಪ್ಪು? ಊಹೂಂ. ಮೊಟ್ಟೆಯ ಬಿಳಿಭಾಗ? ಅದೂ ಇಲ್ಲ.

ಆಮೇಲೆ ಬಾಳೆಹಣ್ಣು. ಇಲ್ಲಿ ನಾನು ನಿಜಕ್ಕೂ ಕುರ್ಚಿ ಎಳೆದುಕೊಂಡು ಕೂತೆ. ಮನೆಯಲ್ಲಿದ್ದ ಚಿಪ್ಪಿನಲ್ಲಿ ಒಂದು ಕಾಯಿ ಹಸಿರಾಗಿಯೇ ಇತ್ತು, ಒಂದು ಅರೆಹಣ್ಣು, ಇನ್ನೊಂದು ಮೈತುಂಬ ಕಪ್ಪು ಚುಕ್ಕೆಯ ಕಳಿತ ಹಣ್ಣು. ಮೂರನ್ನೂ ಕೊಯ್ದು ಬಿಲ್ಲೆ ಮಾಡಿ ಸಾಲಾಗಿಟ್ಟು ಹನಿ ಬಿಟ್ಟೆ. ಕಾಯಿ ಮಸಿಯಂತೆ ಕಪ್ಪಾಯಿತು. ಅರೆಹಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ತೇಪೆ. ಕಳಿತ ಹಣ್ಣು ಹೆಚ್ಚುಕಡಿಮೆ ಹಾಗೇ ಇತ್ತು! ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ 20ರಷ್ಟು ಪಿಷ್ಟವಿರುತ್ತದೆ. ಹಣ್ಣಾಗುವ ಹೊತ್ತಿಗೆ ಅದು ಒಂದೆರಡು ಪಾಲಿಗೆ ಇಳಿದು, ಉಳಿದದ್ದೆಲ್ಲ ಸಕ್ಕರೆಯಾಗಿರುತ್ತದೆ. ನಾಲಿಗೆಗೆ ಸಿಹಿಯೆಂದು ಮಾತ್ರ ಗೊತ್ತಾಗುತ್ತಿದ್ದ ಸಂಗತಿಯನ್ನು ನಾನು ಕಣ್ಣಿನಿಂದ ನೋಡುತ್ತಿದ್ದೆ. ಸೇಬು ಬೆಳೆಯುವವರು ಕೊಯ್ಲಿನ ಹೊತ್ತನ್ನು ಗೊತ್ತುಮಾಡುವುದೂ ಹೀಗೆಯೇ. ಸೇಬನ್ನು ಅಡ್ಡಕ್ಕೆ ಕೊಯ್ದು, ಅಯೋಡಿನ್ನಿನಲ್ಲಿ ಅದ್ದಿ, ನೀಲಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ.

ಈ ಅಯೋಡಿನ್ ಮನುಷ್ಯನ ಕಣ್ಣಿಗೆ ಬಿದ್ದದ್ದೂ ಹೀಗೇ, ಕೈತಪ್ಪಿ. 1811, ನೆಪೋಲಿಯನ್ನನ ಯುದ್ಧಗಳ ಕಾಲ. ಬರ್ನಾರ್ಡ್ ಕೂರ್ತ್ವಾ ಎಂಬ ಫ್ರೆಂಚ್ ರಸಾಯನಜ್ಞ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ. ಅದಕ್ಕಾಗಿ ಕಡಲಪಾಚಿಯನ್ನು ಸುಟ್ಟ ಬೂದಿ ಬಳಸುತ್ತಿದ್ದ. ಒಂದು ದಿನ ಗಂಧಕಾಮ್ಲ ಸ್ವಲ್ಪ ಹೆಚ್ಚಾಗಿ ಬಿತ್ತು. ಭುಸ್ಸೆಂದು ನೇರಳೆ ಹೊಗೆ ಎದ್ದಿತು, ತಣ್ಣಗಿನ ಜಾಗ ಸಿಕ್ಕಲ್ಲಿ ಕಪ್ಪು ಹರಳಾಗಿ ಕೂತಿತು. ಅದುವರೆಗೆ ಯಾರೂ ಕಾಣದ ಮೂಲವಸ್ತು! ಮೂರೇ ವರ್ಷದಲ್ಲಿ, 1814ಕ್ಕೆ, ಕೋಲಾಂ ಮತ್ತು ಗೋಲ್ತಿಯೇ ದ ಕ್ಲೋಬ್ರಿ ಎಂಬಿಬ್ಬರು ಪಿಷ್ಟಕ್ಕೂ ಇದಕ್ಕೂ ಇರುವ ನೀಲಿ ನಂಟನ್ನು ಬರೆದಿಟ್ಟರು. ಪಾಪ, ಕೂರ್ತ್ವಾನಿಗೆ ಅದರಿಂದ ದುಡ್ಡೇನೂ ಆಗಲಿಲ್ಲ. ಬಡವನಾಗಿಯೇ ಸತ್ತ.

ನೀಲಿ ಹುಟ್ಟುವ ಬಗೆಯಂತೂ ಇನ್ನೂ ಚೆಂದ. ಪಿಷ್ಟವೆಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಅದರಲ್ಲಿ ಅಮೈಲೋಸ್ ಎಂಬ ಬಗೆಯ ಸರ ಸ್ಪ್ರಿಂಗಿನಂತೆ, ಕೈಯಲ್ಲಿ ಒತ್ತಿದ ಚಕ್ಕುಲಿಯನ್ನು ಮೇಲಕ್ಕೆ ಎಳೆದು ನಿಲ್ಲಿಸಿದಂತೆ ಸುತ್ತಿಕೊಂಡಿರುತ್ತದೆ. ಒಂದು ಸುತ್ತಿಗೆ ಸುಮಾರು ಆರು ಮಣಿ. ನಡುವೆ ಟೊಳ್ಳು. ಅಯೋಡಿನ್ ಪರಮಾಣುಗಳು ಆ ಟೊಳ್ಳಿನೊಳಗೆ ಒಂದರ ಹಿಂದೊಂದು ಸಾಲುಗಟ್ಟಿ ಕೂರುತ್ತವೆ. ಹಾಗೆ ಕೂತಾಗ ಅವು ಬೆಳಕನ್ನು ಹೀರುವ ರೀತಿಯೇ ಬದಲಾಗಿ, ನಮ್ಮ ಕಣ್ಣಿಗೆ ನೀಲಿ ಮಾತ್ರ ಉಳಿಯುತ್ತದೆ. ನೀಲಿಯಾದ ಗಂಜಿಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಿ ನೋಡಿ, ಬಣ್ಣ ಮಾಯ! ಸುರುಳಿ ಸಡಿಲಾಗಿ ಅಯೋಡಿನ್ ಆಚೆ ಬಂದಿರುತ್ತದೆ. ಆರಲು ಬಿಡಿ, ನೀಲಿ ಮತ್ತೆ ಹಾಜರ್! ನಾನು ನಾಲ್ಕು ಸಲ ಮಾಡಿದೆ. ನಾಲ್ಕನೆಯ ಸಲವೂ ಮೊದಲಿನಷ್ಟೇ ಖುಷಿಯಾಯಿತು. ಆ ಸುರುಳಿಯೊಳಗೆ ಅಯೋಡಿನ್ ಎಷ್ಟುದ್ದದ ಸಾಲಿನಲ್ಲಿ ಕೂರುತ್ತದೆ ಎಂಬ ಪ್ರಶ್ನೆ ಎರಡು ಶತಮಾನ ಕಾಡಿದೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದವರು ಇದನ್ನೇ ಹೋಲುವ ಬೇರೊಂದು ಹರಳಿನಲ್ಲಿ ಕೊನೆಯಿಲ್ಲದ ಅಯೋಡಿನ್ ಸರಪಳಿ ಕಂಡೆವೆಂದು ಪ್ರಕಟಿಸಿದರು. ಹೈಸ್ಕೂಲಿನ ಮೊದಲ ಪ್ರಯೋಗವೆಂದು ನಾವು ಅಸಡ್ಡೆ ಮಾಡಿದ್ದು ಇದನ್ನೇ!

ಇನ್ನೊಂದು ಆಟ ಉಂಟು. ಎರಡು ಲೋಟಕ್ಕೆ ತೆಳುಗಂಜಿ ಹಾಕಿ, ಒಂದಕ್ಕೆ ಸ್ವಲ್ಪ ಎಂಜಲು ಉಗುಳಿ (ಮಡಿಯವರು ಕ್ಷಮಿಸಬೇಕು), ಬೆಚ್ಚಗೆ ಇಡಿ. ಕಾಲು ಗಂಟೆ ಬಿಟ್ಟು ಎರಡಕ್ಕೂ ಅಯೋಡಿನ್ ಹನಿಸಿ. ಎಂಜಲಿನ ಲೋಟದಲ್ಲಿ ನೀಲಿ ಏಳುವುದಿಲ್ಲ. ಜೊಲ್ಲಿನ ಅಮೈಲೇಸ್ ಅಷ್ಟರಲ್ಲಿ ಸರವನ್ನು ತುಂಡುತುಂಡು ಮಾಡಿರುತ್ತದೆ. ಮೊಳಕೆ ಬಂದ ರಾಗಿಯಲ್ಲೂ ಇದೇ ಕತ್ತರಿ ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ರಾಗಿಯಿಂದ ಮಗುವಿಗೆ ಮಾಡಿದ ಸರಿ ಮುದ್ದೆಗಟ್ಟದೆ ನೀರಾಗಿ ಇಳಿಯುವುದು ಏಕೆಂದು ನಮ್ಮ ಅಜ್ಜಿಯರು ಯಾವ ಪುಸ್ತಕವನ್ನೂ ಕೇಳಲಿಲ್ಲ. ಕೇಳದೆಯೇ ಸರಿಯಾದುದನ್ನು ಮಾಡಿದರು.

ಸರಿ, ಪಿಷ್ಟ ಸಿಕ್ಕಿತು. ಸಕ್ಕರೆ? ಅದಕ್ಕೆ ಬೇರೆ ಬಲೆ ಬೇಕು. ಆ ಬಲೆಯ ದಾರ ಮಲೆನಾಡಿನ ಅಡಿಕೆ ತೋಟದವರಿಗೆ ಚೆನ್ನಾಗಿ ಗೊತ್ತು: ಮೈಲುತುತ್ತ! ಸುಣ್ಣದ ಜೊತೆ ಕಲಸಿ, ಕೊಳೆರೋಗ ಬಾರದಿರಲೆಂದು ಮಳೆಗಾಲದಲ್ಲಿ ಕೊನೆಗೆ ಹೊಡೆಯುವ ಅದೇ ನೀಲಿ ಹರಳು. ತಾಮ್ರದ ಸಲ್ಫೇಟ್. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರಲ್ಲಿ ಅದಕ್ಕೆ ಸೋಡಿಯಂ ಕಾರ್ಬೊನೇಟ್ ಮತ್ತು ಸಿಟ್ರೇಟ್ ಬೆರೆಸಿ ದ್ರಾವಣವೊಂದನ್ನು ಮಾಡಿದ. ಪ್ರನಾಳದಲ್ಲಿ ಆ ನೀಲಿಯನ್ನು ಹಾಕಿ, ಒಂದಿಷ್ಟು ದ್ರಾಕ್ಷಿರಸ ಬೆರೆಸಿ, ಕುದಿನೀರಿನಲ್ಲಿ ನಿಲ್ಲಿಸಿ. ಮೊದಲು ಹಸಿರು. ನೋಡುತ್ತಿದ್ದಂತೆ ಹಳದಿ. ಆಮೇಲೆ ಕಿತ್ತಳೆ. ಕೊನೆಗೆ ಇಟ್ಟಿಗೆಯ ಕೆಂಪು! ಗ್ಲೂಕೋಸ್ ತಾಮ್ರಕ್ಕೆ ಎಲೆಕ್ಟ್ರಾನ್ ಕೊಟ್ಟಿದೆ, ತಾಮ್ರ ನೀಲಿ ಬಿಟ್ಟು ಕೆಂಪು ಆಕ್ಸೈಡಾಗಿ ತಳಕ್ಕಿಳಿದಿದೆ. ರಕ್ತಪರೀಕ್ಷೆಯ ಪಟ್ಟಿಗಳು ಬರುವ ಮುಂಚೆ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆ ಹಿಡಿಯುತ್ತಿದ್ದದ್ದು ಇದರಿಂದಲೇ. 5 ಮಿಲಿಲೀಟರ್ ದ್ರಾವಣ, ಎಂಟು ಹನಿ ಮೂತ್ರ, ಒಂದು ಸ್ಪಿರಿಟ್ ದೀಪ. ಹಸಿರಾದರೆ ಅಲ್ಪ, ಇಟ್ಟಿಗೆ ಕೆಂಪಾದರೆ ಡಾಕ್ಟರ ಮುಖ ಗಂಭೀರ.

ಈಗ ಅದೇ ಪ್ರನಾಳಕ್ಕೆ ಅಂಗಡಿಯ ಸಕ್ಕರೆ ಹಾಕಿ. ಕುದಿಸಿ. ಇನ್ನೂ ಕುದಿಸಿ. ಏನೂ ಆಗುವುದಿಲ್ಲ! ಸಕ್ಕರೆಯ ಪರೀಕ್ಷೆಯಲ್ಲಿ ಸಕ್ಕರೆಯೇ ಫೇಲು! ಮೊದಲ ಸಲ ನೋಡಿದಾಗ ದ್ರಾವಣ ಹಳತಾಗಿದೆಯೆಂದು ಚೆಲ್ಲಿಬಿಟ್ಟಿದ್ದೆ. ತಪ್ಪು ದ್ರಾವಣದ್ದಲ್ಲ. ಸಕ್ಕರೆಯ ಅಣುವಿನಲ್ಲಿ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಇವೆ. ತಾಮ್ರಕ್ಕೆ ಎಲೆಕ್ಟ್ರಾನ್ ನೀಡಬಲ್ಲ ಕೈಗಳಿಂದಲೇ ಅವು ಒಂದನ್ನೊಂದು ಹಿಡಿದುಕೊಂಡಿವೆ. ಕೊಡಲು ಬಿಡುವಾದ ಕೈಯೇ ಇಲ್ಲ. ಸ್ವಲ್ಪ ಆಮ್ಲ ಹಾಕಿ ಕುದಿಸಿ ಆ ಹಿಡಿತ ಬಿಡಿಸಿ, ಆಮ್ಲವನ್ನು ಸೋಡಾದಿಂದ ಶಮನಗೊಳಿಸಿ, ಮತ್ತೆ ಪರೀಕ್ಷಿಸಿದರೆ ಅದೇ ಇಟ್ಟಿಗೆ ಕೆಂಪು ಬರುತ್ತದೆ. ಅಡುಗೆ ಭಟ್ಟರು ಸಕ್ಕರೆ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಏಕೆ? ಪಾಕ ಮತ್ತೆ ಹರಳುಗಟ್ಟದಿರಲಿ ಎಂದು. ನಿಂಬೆಯ ಹುಳಿ ಅಲ್ಲಿ ಮಾಡುವುದೂ ಈ ಕೈ ಬಿಡಿಸುವ ಕೆಲಸವನ್ನೇ! ಬೆಲ್ಲ ಮಾತ್ರ ಯಾರ ನೆರವೂ ಇಲ್ಲದೆ ಬಣ್ಣ ಕೊಡುತ್ತದೆ. ಕಬ್ಬಿನ ಹಾಲನ್ನು ಕಾಯಿಸುವಾಗಲೇ ಅದರ ಒಂದು ಪಾಲು ಬಿಡಿಯಾಗಿರುತ್ತದೆ.

ಮೈಲುತುತ್ತದ ಮಾಯೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಹರಳಿನ ತೆಳು ನೀರು, ಜೊತೆಗೆ ಕಾಸ್ಟಿಕ್ ಸೋಡಾ. ಇದನ್ನು ಮೊಟ್ಟೆಯ ಬಿಳಿಗೆ ಬೆರೆಸಿದರೆ ಬೆಂಕಿಯೂ ಬೇಡ, ಕಾಯುವುದೂ ಬೇಡ, ನೀಲಿ ಮೆಲ್ಲಗೆ ನೇರಳೆಗೆ ತಿರುಗುತ್ತದೆ. ಹಾಲಿಗೆ ಬೆರೆಸಿದರೂ ಸರಿ, ಕಡಲೆಹಿಟ್ಟಿನ ತಿಳಿಗೆ ಬೆರೆಸಿದರೂ ಸರಿ. ಎಲ್ಲ ಪರೀಕ್ಷೆಗಳ ಬಣ್ಣಗಳಲ್ಲಿ ನನ್ನ ಓಟು ಇದಕ್ಕೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳು ಪೆಪ್ಟೈಡ್ ಕೊಂಡಿಯಿಂದ ಬೆಸೆದುಕೊಂಡ ಸರ. ತಾಮ್ರದ ಅಯಾನು ಆ ಕೊಂಡಿಗಳಿಗೆ ಕಟ್ಟಿಕೊಂಡಾಗ ಹುಟ್ಟುವುದು ಈ ನೇರಳೆ. ಇದಕ್ಕೆ ಬೈಯುರೆಟ್ ಪರೀಕ್ಷೆ ಎಂದು ಹೆಸರು. ತಮಾಷೆಯೆಂದರೆ ದ್ರಾವಣದಲ್ಲಿ ಬೈಯುರೆಟ್ ಎಂಬ ವಸ್ತು ಒಂದು ಚೂರೂ ಇಲ್ಲ! ಯೂರಿಯಾ ಕಾಯಿಸಿದಾಗ ಸಿಗುವ ಆ ವಸ್ತುವೂ ಇದೇ ನೇರಳೆ ಕೊಡುತ್ತದೆಂದು ಕಂಡವರು ಅದರ ಹೆಸರನ್ನೇ ಇಟ್ಟುಬಿಟ್ಟರು.

ಕೊಬ್ಬಿನ ಪರೀಕ್ಷೆಯನ್ನು ನೀವೆಲ್ಲ ಸಾವಿರ ಸಲ ಮಾಡಿದ್ದೀರಿ. ಬೋಂಡಾ ಕಟ್ಟಿಕೊಟ್ಟ ಪೇಪರನ್ನು ಬೆಳಕಿಗೆ ಹಿಡಿದರೆ ಸಾಕು. ಕಾಗದದ ನಾರುಗಳ ಸಂದಿನ ಗಾಳಿಯನ್ನು ಎಣ್ಣೆ ಹೊರಗೆ ತಳ್ಳಿ ತಾನು ಕೂತಿರುತ್ತದೆ, ಬೆಳಕು ಚದುರದೆ ತೂರಿ ಬರುತ್ತದೆ. ನೀರಿನ ಕಲೆ ಆರುತ್ತದೆ, ಎಣ್ಣೆಯದು ಆರುವುದಿಲ್ಲ. ಅಷ್ಟೇ ಪರೀಕ್ಷೆ.

ಆದರೆ 'ಇದೆಯೋ ಇಲ್ಲವೋ' ಎಂಬುದನ್ನು ಬಿಟ್ಟು 'ಎಷ್ಟಿದೆ' ಎಂದು ಕೇಳಿದ ಕೂಡಲೇ ಕಥೆ ದೊಡ್ಡದಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಈ ಪ್ರಶ್ನೆ ದಿನಕ್ಕೆರಡು ಬಾರಿ, ಬೆಳಗ್ಗೆ ಮತ್ತು ಸಂಜೆ, ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುತ್ತದೆ. "ಫ್ಯಾಟ್ ಎಷ್ಟು ಬಂತು?" "ಮೂರೂ ಎಂಟು." "ಲ್ಯಾಕ್ಟೋಮೀಟರಿನ ಡಿಗ್ರಿ?" "ಇಪ್ಪತ್ತೆಂಟು." ಸಾಲಿನಲ್ಲಿ ನಿಂತವರಿಗೆ ಇದು ದುಡ್ಡಿನ ಮಾತು. ಆದರೆ ಆ ಫ್ಯಾಟಿನ ಅಂಕಿಯ ಹಿಂದೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗೆರ್ಬರ್ ನಿಂತಿದ್ದಾನೆ! 1891ರ ಅವನ ವಿಧಾನ ಹೀಗಿದೆ: ಉದ್ದ ಕತ್ತಿನ ಗಾಜಿನ ಬ್ಯುಟಿರೋಮೀಟರಿಗೆ 10 ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್. ಬಿರಡೆ ಬಿಗಿದು ಅಲುಗಿಸಿದರೆ ಕೈ ಸುಡುವಷ್ಟು ಬಿಸಿ, ಹಾಲು ಚಾಕೊಲೇಟ್ ಬಣ್ಣ. ಆಮ್ಲ ಪ್ರೋಟೀನನ್ನೆಲ್ಲ ಕರಗಿಸಿದೆ, ಕೊಬ್ಬು ಒಂಟಿಯಾಗಿ ಉಳಿದಿದೆ. ಯಂತ್ರದಲ್ಲಿ ಐದು ನಿಮಿಷ ಗಿರ್‍ರೆಂದು ತಿರುಗಿಸಿ ತೆಗೆದರೆ ಕತ್ತಿನಲ್ಲಿ ಹೊನ್ನಿನ ಬಣ್ಣದ ತಿಳಿ ಕೊಬ್ಬು ನಿಂತಿರುತ್ತದೆ. ಗೆರೆ ನೋಡಿ ಓದಿಕೊಳ್ಳುವುದಷ್ಟೇ ಉಳಿದ ಕೆಲಸ.

ಅದಕ್ಕೂ ಒಂದು ವರ್ಷ ಮುಂಚೆ, 1890ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಇಂಥದೇ ವಿಧಾನ ಕಂಡುಹಿಡಿದು, ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಅದುವರೆಗೆ ಹಾಲಿಗೆ ಬೆಲೆ ತೂಕದ ಮೇಲೆ. ನೀರು ಬೆರೆಸಿದವನಿಗೇ ಲಾಭ! ಇಂದು ಹೆಚ್ಚಿನ ಡೇರಿಗಳಲ್ಲಿ ಯಂತ್ರವೇ ಕ್ಷಣದಲ್ಲಿ ಅಂಕಿ ತೋರಿಸುತ್ತದೆ, ಆಮ್ಲದ ಘಾಟಿಲ್ಲ. ಒಳ್ಳೆಯದೇ. ಆದರೂ ಆ ಹೊನ್ನಿನ ಗೆರೆ ಏರುವುದನ್ನು ನೋಡದ ಮಕ್ಕಳ ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ.

ಪ್ರೋಟೀನನ್ನು ಅಳೆಯುವ ದಾರಿ ಹುಟ್ಟಿದ್ದು ಬಿಯರ್ ಕಂಪನಿಯೊಂದರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲನಿಗೆ ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ತಿಳಿಯಬೇಕಿತ್ತು. 1883ರಲ್ಲಿ ಅವನು ಮಾಡಿದ್ದು ಕೇಳಿದರೆ ದಿಗಿಲಾಗುತ್ತದೆ. ಕಾಳನ್ನು ಗಂಧಕಾಮ್ಲದಲ್ಲಿ ಹಾಕಿ ಕುದಿಸಿ ಕುದಿಸಿ, ಗುರುತು ಸಿಗದಂತೆ ನಾಶ ಮಾಡಿದ! ಆ ನಾಶದಲ್ಲಿ ಸಾರಜನಕ ಮಾತ್ರ ಅಮೋನಿಯಂ ರೂಪದಲ್ಲಿ ಉಳಿಯುತ್ತದೆ. ಕ್ಷಾರ ಹಾಕಿ ಅಮೋನಿಯಾವನ್ನು ಹೊರಡಿಸಿ, ಹಿಡಿದು, ಅಳೆದ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. ಆದ್ದರಿಂದ ಸಿಕ್ಕಿದ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಹಾಲಿಗಾದರೆ 6.38. ಒಂದು ಗುಣಾಕಾರ! ಲೋಕದ ಆಹಾರ ಪೊಟ್ಟಣಗಳ ಮೇಲೆ ಅಚ್ಚಾಗುವ ಎಷ್ಟೋ 'ಪ್ರೋಟೀನ್' ಅಂಕಿಗಳ ಹಿಂದೆ ಈ ಗುಣಾಕಾರವಿದೆ.

ಕೆಲ್ಡಾಲನ ವಿಧಾನ ಪ್ರೋಟೀನನ್ನು ನೋಡುವುದೇ ಇಲ್ಲ, ಸಾರಜನಕವನ್ನು ಮಾತ್ರ ನೋಡುತ್ತದೆ ಎಂಬುದನ್ನು ಗಮನಿಸಿದ್ದೀರಾ? ಗಮನಿಸಿದವರು ಇದ್ದರು. ಮೆಲಮೈನ್ ಎಂಬ ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕದ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಇದನ್ನು ಸೇರಿಸಿದರು. ಪರೀಕ್ಷೆ 'ಪ್ರೋಟೀನ್ ಬೇಕಾದಷ್ಟಿದೆ' ಎಂದಿತು. 2008ರಲ್ಲಿ ಸಂಗತಿ ಹೊರಬೀಳುವ ಹೊತ್ತಿಗೆ ಮೂತ್ರಪಿಂಡದ ಕಲ್ಲುಗಳಿಂದ ನರಳಿದ ಹಸುಳೆಗಳೂ ಎಳೆಯ ಮಕ್ಕಳೂ ಸೇರಿ ಸುಮಾರು 3 ಲಕ್ಷ. ಆರು ಕೂಸುಗಳು ಸತ್ತವು. ಆ ಹಾಲಿಗೆ ಬೇರೊಂದು ಪ್ರಶ್ನೆಯನ್ನು ಕೇಳಿದ್ದರೆ ಸಿಕ್ಕಿಬೀಳುತ್ತಿತ್ತು. ಯಾರೂ ಕೇಳಿರಲಿಲ್ಲ.

ಉಸಿರು ಎಳೆದುಕೊಂಡು ಮತ್ತೆ ಅಡುಗೆಮನೆಗೆ ಬರುತ್ತೇನೆ. ನೀಲಿಯಾದ ಆ ಗಂಜಿನೀರು ಇನ್ನೂ ಲೋಟದಲ್ಲಿತ್ತು. ಅದಕ್ಕೆ ನಿಂಬೆರಸ ಹನಿ ಹನಿಯಾಗಿ ಬಿಟ್ಟೆ. ನೀಲಿ ತೆಳುವಾಯಿತು, ಇನ್ನೂ ತೆಳುವಾಯಿತು, ಹೋಯಿತು! ನಿಂಬೆಯ ವಿಟಮಿನ್ ಸಿ ಅಯೋಡಿನ್ನನ್ನು ಅಯೋಡೈಡಾಗಿ ಬದಲಿಸುತ್ತದೆ. ಅಯೋಡೈಡ್ ಮಾತ್ರ ಆ ಸುರುಳಿಯಲ್ಲಿ ಕೂತು ಬಣ್ಣ ಕೊಡಲಾರದು. ಇನ್ನೊಂದು ಲೋಟಕ್ಕೆ ಬೆಟ್ಟದ ನೆಲ್ಲಿಕಾಯಿಯ ರಸ ಬಿಟ್ಟೆ. ಕೆಲವೇ ಹನಿಗೆ ನೀಲಿ ಶರಣು. ಪ್ರಯೋಗಾಲಯದವರು ಡಿಸಿಪಿಐಪಿ ಎಂಬ ಬೇರೊಂದು ನೀಲಿಯನ್ನು ಬಳಸುತ್ತಾರೆ, ಆಟ ಇದೇ. ಎಷ್ಟು ಹನಿಗೆ ಬಣ್ಣ ಹೋಯಿತೆಂದು ಎಣಿಸಿದರೆ ವಿಟಮಿನ್ನಿನ ಲೆಕ್ಕ ಸಿಕ್ಕಿತು.

ಈ ವಿಟಮಿನ್ನನ್ನು ಹಿಡಿದ ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಮೊದಲು ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಚೂರುಪಾರು ತೆಗೆದು ಸುಸ್ತಾಗಿದ್ದ. ಸೆಗೆಡ್ ಊರಿನಲ್ಲಿ ಒಂದು ಸಂಜೆ ಹೆಂಡತಿ ಊಟಕ್ಕೆ ಕೆಂಪು ಪಾಪ್ರಿಕಾ ಮೆಣಸಿನಕಾಯಿ ಬಡಿಸಿದಳಂತೆ. ತಿನ್ನಲು ಮನಸ್ಸಿಲ್ಲದೆ, ಇದನ್ನು ಪರೀಕ್ಷಿಸಿಯೇ ಇಲ್ಲವಲ್ಲ ಎಂದು ನೆಪ ತೆಗೆದು ಲ್ಯಾಬಿಗೆ ಒಯ್ದನಂತೆ. ನಡುರಾತ್ರಿಯ ಹೊತ್ತಿಗೆ ಅದು ವಿಟಮಿನ್ ಸಿ ಖಜಾನೆಯೆಂದು ಗೊತ್ತಾಗಿತ್ತು. ಹೀಗೆಂದು ಅವನೇ ಹೇಳಿಕೊಂಡಿದ್ದಾನೆ. 1937ರಲ್ಲಿ ನೊಬೆಲ್ ಬಂತು. ಊಟ ಬಿಟ್ಟೆದ್ದವನಿಗೆ ನೊಬೆಲ್!

ಮಧ್ಯಾಹ್ನ ಅನ್ನದ ಪಾತ್ರೆ ಉಕ್ಕಿ, ಉಪ್ಪು ಹಾಕಿದ ನೀರು ಗ್ಯಾಸಿನ ಮೇಲೆ ಚೆಲ್ಲಿತು. ನೀಲಿ ಜ್ವಾಲೆ ಝಗ್ಗೆಂದು ಹಳದಿ. ನಿತ್ಯ ನೋಡುವುದೇ. ಆದರೆ ಆ ದಿನ ಬಟ್ಟೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟೆ. ಆ ಹಳದಿ ಸೋಡಿಯಂನದು! ಅನೇಕ ಲೋಹಗಳಿಗೆ ಜ್ವಾಲೆಯಲ್ಲಿ ತಮ್ಮದೇ ಬಣ್ಣ, ತಮ್ಮದೇ ಅಲೆಯುದ್ದ. ಆಸ್ಟ್ರೇಲಿಯಾದ ಆಲನ್ ವಾಲ್ಷ್ 1950ರ ದಶಕದಲ್ಲಿ ಇದನ್ನೇ ತಿರುಗುಮುರುಗು ಮಾಡಿದ. ಜ್ವಾಲೆ ಎಷ್ಟು ಬೆಳಕು ಚೆಲ್ಲುತ್ತದೆ ಎನ್ನುವ ಬದಲು, ಜ್ವಾಲೆಯಲ್ಲಿರುವ ಪರಮಾಣುಗಳು ಎಷ್ಟು ಬೆಳಕು ನುಂಗುತ್ತವೆ ಎಂದು ಅಳೆದ. ರಾಗಿಯನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಆ ನೀರನ್ನು ಜ್ವಾಲೆಗೆ ತುಂತುರಾಗಿ ಬಿಟ್ಟು, 422.7 ನ್ಯಾನೋಮೀಟರಿನ ಬೆಳಕು ಹಾಯಿಸಿದರೆ ಅದರಲ್ಲಿ ನುಂಗಿಹೋದಷ್ಟು ಕ್ಯಾಲ್ಸಿಯಂನ ಲೆಕ್ಕಕ್ಕೆ.

ನಮ್ಮ ಮೈಸೂರಿನಲ್ಲಿ ಇಂಥ ಕೆಲಸಕ್ಕೆ ಒಂದು ಅರಮನೆಯೇ ಇದೆ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ದೇಶದ ಮೂಲೆಮೂಲೆಯಿಂದ 528 ಆಹಾರಗಳನ್ನು ತರಿಸಿ, ಒಂದೊಂದನ್ನೂ ಪ್ರಯೋಗಾಲಯಕ್ಕೆ ಒಡ್ಡಿ 2017ರಲ್ಲಿ ಪಟ್ಟಿ ಪ್ರಕಟಿಸಿದರು. ಅದರಲ್ಲಿ ರಾಗಿಯ ಸಾಲಿಗೆ ಬೆರಳಿಟ್ಟು ಓದಿದೆ: 100 ಗ್ರಾಂಗೆ ಕ್ಯಾಲ್ಸಿಯಂ 364 ಮಿಲಿಗ್ರಾಂ. ಹಸುವಿನ ಹಾಲಿನದು 118. ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಯದು? ಎಂಟೂ ಇಲ್ಲ!

ನೀವೂ ಇವತ್ತು ಸಂಜೆ ಒಂದು ಬಾಳೆಕಾಯಿ, ಒಂದು ಹಣ್ಣು ಕೊಯ್ದು ಮಕ್ಕಳನ್ನು ಕರೆದು ಕೂರಿಸಿ. ಗಾಯದ ಔಷಧಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಸಾಕು. ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಆಮ್ಲ, ಕಾಸ್ಟಿಕ್ ಸೋಡಾಗಳ ಆಟ ಮಾತ್ರ ಶಾಲೆಯ ಲ್ಯಾಬಿನಲ್ಲೇ, ಮೇಷ್ಟರ ಎದುರಿನಲ್ಲೇ ಇರಲಿ. ಹನಿ ಬಿದ್ದ ಬಿಲ್ಲೆಗಳನ್ನು ಯಾರೂ ತಿನ್ನಬಾರದು, ಗೊಬ್ಬರದ ಗುಂಡಿಗೆ ಹಾಕಿ. ನನ್ನ ಅವಲಕ್ಕಿಯೂ ಅಲ್ಲಿಗೇ ಹೋಯಿತು.